ಮಗು ಮನೆಯಲ್ಲಿರಲಿ, ಕಾಲೇಜಿನಲ್ಲಿರಲಿ; ಉಳಿದದ್ದು ಆಮೇಲೆ

ಪ್ರಶ್ನೆ: ಮೇಡಂ, ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಯಜಮಾನರು ಮಾವಿನ ವ್ಯಾಪಾರ ಮಾಡುತ್ತಾರೆ, ಸೀಸನ್ ಮುಗಿದರೆ ಟೊಮೇಟೊ. ದೊಡ್ಡವಳಿಗೆ ಗಂಡು ನೋಡುತ್ತಿದ್ದೇವೆ. ಚಿಕ್ಕವನಿಗೆ 17 ವರ್ಷ, ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಪಿಯುಸಿ ಓದುತ್ತಾನೆ. ಚಿಕ್ಕಂದಿನಿಂದಲೂ ಅಕ್ಕನ ಬಳೆ, ರಂಗೋಲಿ, ಹೂವು ಅಂದರೆ ಅವನಿಗೆ ಪ್ರಾಣ. ಮೀಸೆ ಬಂದ ಮೇಲೆ ಸರಿಹೋಗುತ್ತಾನೆ ಅಂದುಕೊಂಡಿದ್ದೆವು. ಯುಗಾದಿಯ ಹಿಂದಿನ ದಿನ ಒಲೆ ಮುಂದೆ ನನ್ನ ಪಕ್ಕ ಬಂದು ಕೂತು, "ಅಮ್ಮಾ, ನಾನು ಹುಡುಗ ಅಲ್ಲ, ಹುಡುಗಿ. ಇನ್ನೆಷ್ಟು ವರ್ಷ ಅಂತ ನಾಟಕ ಆಡಲಿ" ಅಂತ ಅತ್ತ. ನಾನು ಗಾಬರಿಯಲ್ಲಿ ಯಜಮಾನರಿಗೆ ಹೇಳಿಬಿಟ್ಟೆ. ಅವತ್ತಿನಿಂದ ಅವರು ಅವನ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ತಮ್ಮ ಬಂದು ಹಿಡಿದು ಕೂರಿಸಿ, ಭುಜದವರೆಗೆ ಬಿಟ್ಟಿದ್ದ ಕೂದಲನ್ನು ಕತ್ತರಿಸಿಬಿಟ್ಟ. ಎರಡು ದಿನ ಊಟ ಮಾಡಲಿಲ್ಲ, "ಯಾಕಾದರೂ ಹುಟ್ಟಿದೆನೋ" ಅಂದ. ನಂಗಲಿ ಆಚೆ ಆಂಧ್ರದ ಕಡೆ ಯಾರೋ ಸ್ವಾಮಿ ಇದ್ದಾರಂತೆ, ಗಾಳಿ ಸೋಕಿದ್ದರೆ ಬಿಡಿಸುತ್ತಾರಂತೆ, ಅಮಾವಾಸ್ಯೆಗೆ ಕರೆದುಕೊಂಡು ಹೋಗೋಣ ಅಂತ ತಮ್ಮ ಹೇಳುತ್ತಿದ್ದಾನೆ. ಪಕ್ಕದ ಮನೆಯಾಕೆ, ವಯಸ್ಸು ತುಂಬಿದ ಕೂಡಲೇ ಮದುವೆ ಮಾಡಿ ಅನ್ನುತ್ತಾರೆ. ಬಸ್ಸಿನಲ್ಲಿ ಹುಡುಗರು ಏನೇನೋ ಅನ್ನುತ್ತಾರಂತೆ, ಕಾಲೇಜಿಗೆ ಹೋಗಲ್ಲ ಅಂತ ಕೂತಿದ್ದಾನೆ. ಮೊಬೈಲ್ ನೋಡಿ ಕೆಟ್ಟನಾ? ಯಾರಾದರೂ ಮರುಳು ಮಾಡಿದ್ದಾರಾ? ಮೂರು ವರ್ಷದವನಿದ್ದಾಗ ಲಂಗ ಹಾಕಿ, ಮೊಗ್ಗಿನ ಜಡೆ ಹೆಣೆದು ಸ್ಟುಡಿಯೋದಲ್ಲಿ ಫೋಟೊ ತೆಗೆಸಿದ್ದೆ. ಅದರಿಂದ ಹೀಗಾಯಿತಾ? ಟೋಲ್ ಗೇಟ್ ಹತ್ತಿರ ಕೈ ತಟ್ಟಿ ಕಾಸು ಕೇಳುವವರ ಜೊತೆ ಸೇರಿಬಿಡುತ್ತಾನೇನೋ ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಮಗಳ ಮದುವೆ ಗತಿ ಏನು?
(ಹೆಸರು ಬೇಡ, ಶ್ರೀನಿವಾಸಪುರ ತಾಲ್ಲೂಕು)

ಉತ್ತರ: ತಾಯಿ, ನೀವು ಕೇಳಿದ ಕ್ರಮದಲ್ಲಿ ನಾನು ಉತ್ತರಿಸುವುದಿಲ್ಲ. ಅವಸರದ್ದು ಮೊದಲು.

"ಯಾಕಾದರೂ ಹುಟ್ಟಿದೆನೋ" ಎಂಬ ಮಾತನ್ನು ನೀವು ಒಂದೇ ಸಾಲಿನಲ್ಲಿ ದಾಟಿ ಹೋಗಿದ್ದೀರಿ. ನನಗೆ ಅಲ್ಲಿಂದ ಮುಂದೆ ಓದಲು ಆಗಲಿಲ್ಲ. ಇವತ್ತು ರಾತ್ರಿಯೇ, ಮನೆಯವರೆಲ್ಲ ಮಲಗಿದ ಮೇಲೆ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸತ್ತುಹೋಗಬೇಕು ಅಂತ ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಒಬ್ಬರೇ ಹೊತ್ತುಕೊಂಡಿದ್ದನ್ನು ಇಳಿಸಲು ಒಂದು ಜಾಗ ಸಿಕ್ಕಿದ ಹಾಗಾಗುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಇನ್ನೊಂದು ಮಾತು. ನಿಮ್ಮದು ಮಾವು, ಟೊಮೇಟೊ ಮನೆ. ಸಿಂಪಡಿಸುವ ಔಷಧಿ ಡಬ್ಬಗಳು ಎಲ್ಲಿವೆಯೋ ನೋಡಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಅಮಾವಾಸ್ಯೆಯ ಪ್ರಯಾಣ ಬೇಡ. ಇದರಲ್ಲಿ ನಾನು ಎರಡು ಮಾತಾಡುವುದಿಲ್ಲ. ಇಂಥ ಜಾಗಗಳಲ್ಲಿ ಹೊಗೆ ಹಾಕುತ್ತಾರೆ, ಬೇವಿನ ಬರಲಿನಿಂದ ಹೊಡೆಯುತ್ತಾರೆ, ಹೋಗುವುದು ಗಾಳಿಯಲ್ಲ, ಅಪ್ಪ ಅಮ್ಮನ ಮೇಲಿನ ನಂಬಿಕೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಗಡಿ ದಾಟಿದರೆ ನಮ್ಮ ಕಾಯ್ದೆ ಹಿಂದೆ ಉಳಿಯಬಹುದು, ಪೆಟ್ಟು ಮಾತ್ರ ಪೆಟ್ಟೇ. ದೇವರ ಮೇಲಿನ ಭಕ್ತಿಗೆ ನನ್ನ ತಕರಾರಿಲ್ಲ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಮಗುವನ್ನು ಜೊತೆಗೆ ಕರೆದುಕೊಂಡು ಕುರುಡುಮಲೆ ಗಣಪನಿಗೆ ಕೈ ಮುಗಿದು, ಬರುವಾಗ ಮುಳಬಾಗಿಲಿನಲ್ಲಿ ಒಂದೊಂದು ದೋಸೆ ತಿಂದು ಬನ್ನಿ. ಅಷ್ಟು ಹೊತ್ತು ಯಾರೂ ಆ ವಿಷಯ ಎತ್ತಬೇಡಿ.

ಇನ್ನು ಆ ಫೋಟೊ. ನಮ್ಮ ಕಡೆ ಎಷ್ಟು ಮನೆಗಳ ಗೋಡೆಯಲ್ಲಿ ಲಂಗ ತೊಟ್ಟ, ಮೊಗ್ಗಿನ ಜಡೆ ಹಾಕಿದ ಗಂಡುಮಗುವಿನ ಫೋಟೊ ಇಲ್ಲ ಹೇಳಿ! ಕನ್ನಡಿಯಲ್ಲಿ ಜಡೆ ಕಾಣುವ ಹಾಗೆ ನಿಲ್ಲಿಸಿ ತೆಗೆಸಿದ್ದು. ಆ ಮಕ್ಕಳೆಲ್ಲ ಈಗ ಮೀಸೆ ತಿರುವಿಕೊಂಡು ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಲೋಡ್ ಮಾಡಿಸುತ್ತಿದ್ದಾರೆ. ಒಂದು ಜಡೆಯಿಂದ ಯಾರೂ ಹುಡುಗಿ ಆಗುವುದಿಲ್ಲ, ಜಡೆ ಕತ್ತರಿಸಿದರೆ ಯಾರೂ ಹುಡುಗ ಆಗುವುದೂ ಇಲ್ಲ. ನೀವು ಬೆಳೆಸಿದ್ದರಲ್ಲಿ ತಪ್ಪಾಗಿಲ್ಲ. ಕೆಲವರಿಗೆ ಹುಟ್ಟಿದಾಗ ದೇಹ ನೋಡಿ ಹೇಳಿದ ಲಿಂಗ ಒಂದು, ಬುದ್ಧಿ ತಿಳಿದ ಮೇಲೆ ಒಳಗಿನಿಂದ ತಿಳಿಯುವುದು ಇನ್ನೊಂದು. ಹೀಗಿರುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಹೊಸ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಗುಂಪಿನಿಂದಲೇ ತೆಗೆದುಹಾಕಿತು. ಕಾಯಿಲೆಯಲ್ಲದ್ದಕ್ಕೆ ಮದುವೆ ಔಷಧಿಯೂ ಅಲ್ಲ. ಪಕ್ಕದ ಮನೆಯಾಕೆಯ ಮಾತು ಕೇಳಿದರೆ, ಏನೂ ತಿಳಿಯದ ಇನ್ನೊಂದು ಹೆಣ್ಣುಮಗಳ ಬಾಳೂ ಹಾಳಾಗುತ್ತದೆ.

ಇಲ್ಲಿಂದ ಮುಂದೆ ನಿಮ್ಮ ಮಗುವನ್ನು ನಾನು "ಅವಳು" ಎಂದೇ ಬರೆಯುತ್ತೇನೆ. ನಿಮಗೆ ಚುಚ್ಚಬಹುದು. ಆದರೆ ಈ ಪುಟವನ್ನು ಅವಳೂ ಓದುತ್ತಾಳೆ, ಒಬ್ಬರಾದರೂ ಅವಳ ಮಾತನ್ನು ನಂಬಿದರು ಎಂದು ಅವಳಿಗೆ ತಿಳಿಯಲಿ.

ನಿಮ್ಮ ನಿದ್ದೆ ಕೆಡಿಸಿರುವುದು ಟೋಲ್ ಗೇಟ್. ಅಲ್ಲಿ ನಿಂತವರನ್ನು ನೋಡಿ, ಇಂಥವರೆಲ್ಲ ಕೊನೆಗೆ ಅಲ್ಲಿಗೇ ಹೋಗುತ್ತಾರೆ ಎಂದು ನೀವು ಲೆಕ್ಕ ಹಾಕಿದ್ದೀರಿ. ಅವರು ಅಲ್ಲಿಗೆ ಬಂದ ದಾರಿಯನ್ನು ಒಮ್ಮೆ ಹಿಂದಕ್ಕೆ ನಡೆದು ನೋಡಿ. ಮೊದಲು ಮನೆಯಲ್ಲಿ ಮಾತು ನಿಲ್ಲುತ್ತದೆ. ಆಮೇಲೆ ಶಾಲೆ ತಪ್ಪುತ್ತದೆ. ಆಮೇಲೆ ಒಂದು ದಿನ ಮಾರಿಕುಪ್ಪಂ ರೈಲೋ ಬೆಂಗಳೂರು ಬಸ್ಸೋ ಹತ್ತುತ್ತಾರೆ. ಅಲ್ಲಿ ಬಾಡಿಗೆಗೆ ಮನೆ ಕೊಡುವವರಿಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲದವರಿಗೆ ಕೆಲಸ ಕೊಡುವವರಿಲ್ಲ, ಬಾ ಎಂದು ಅನ್ನ ಹಾಕುವವರು ಅದೇ ದಾರಿಯಲ್ಲಿ ಮೊದಲೇ ಬಂದ ಮಂಗಳಮುಖಿಯರು ಮಾತ್ರ. ಅವರನ್ನು ಬೈಯುವ ಮುನ್ನ ಒಂದು ನೆನಪಿರಲಿ, ನಾವು ಹೊರಹಾಕಿದ ಮಕ್ಕಳನ್ನು ಸಾಕಿದವರು ಅವರು. ಹಾಗಾಗಿ ನಾನು ನಿಮ್ಮಿಂದ ಕೇಳುವುದು ಒಂದೇ, ಅವಳು ಮನೆಯಲ್ಲಿರಲಿ, ಕಾಲೇಜಿನಲ್ಲಿರಲಿ. ಅವಳನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು ನಿಮಗೆ ಎಷ್ಟು ವರ್ಷ ಬೇಕೋ ತೆಗೆದುಕೊಳ್ಳಿ. ಊಟ, ಹಾಸಿಗೆ, ಓದು ನಿಲ್ಲದಿದ್ದರೆ ಸಾಕು.

ಮಂಜಮ್ಮ ಜೋಗತಿಯವರ ಹೆಸರು ಕೇಳಿರುತ್ತೀರಿ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಅವರೇ. ಬಳ್ಳಾರಿ ಕಡೆಯ ಶೆಟ್ಟರ ಮನೆಯಲ್ಲಿ ಮಂಜುನಾಥನಾಗಿ ಹುಟ್ಟಿದವರು. ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿ ದೀಕ್ಷೆ ಕೊಡಿಸಿದರು. ಆಮೇಲೆ ಆ ಮನೆಯಲ್ಲಿ ಬಾಳಲಾಗಲಿಲ್ಲ. ಸಾಯಲು ಹೋಗಿ ಬದುಕಿ ಉಳಿದರು, ಬೀದಿಯಲ್ಲಿ ಭಿಕ್ಷೆ ಬೇಡಿದರು. ಕಾಳವ್ವ ಜೋಗತಿ ಜೊತೆ ಸೇರಿ ಕುಣಿತ ಅವರ ಬದುಕಾಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಈ ಕತೆ ಹೇಳಿ, "ನೋಡಿ, ನಿಮ್ಮ ಮಗುವೂ ಪದ್ಮಶ್ರೀ ತರಬಹುದು" ಎಂದು ಸಮಾಧಾನ ಮಾಡುವವರು ಬಹಳ ಜನ. ನನಗೆ ಆ ಸಮಾಧಾನ ಒಗ್ಗುವುದಿಲ್ಲ. ಅವರು ಕಳೆದ ಆ ನಡುವಿನ ವರ್ಷಗಳನ್ನು ದಾಟಲಾಗದೆ ಹೋದವರ ಹೆಸರು ನಮಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಮಗು ದೊಡ್ಡ ಹೆಸರು ಮಾಡಬೇಕಾಗಿಲ್ಲ. ಪಿಯುಸಿ ಪಾಸಾಗಿ, ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಕೆಲಸ ಹಿಡಿದು, ಹಬ್ಬಕ್ಕೆ ಮನೆಗೆ ಬಂದರೆ ಆಯಿತು.

ಮೊಬೈಲ್ ಕೆಡಿಸಿತಾ, ಯಾರಾದರೂ ಮರುಳು ಮಾಡಿದರಾ ಎಂದು ಕೇಳಿದ್ದೀರಿ. ಈ ಅನುಮಾನ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ, ಬಹಳ ಹಳೆಯದು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಒಂದು ಭಾಗವೇ ಮಂಗಳಮುಖಿಯರಂಥವರಿಗಾಗಿ ಮೀಸಲಾಗಿತ್ತು. ಗಂಡುಮಕ್ಕಳನ್ನು ಕದ್ದೊಯ್ದು ಅಂಗಚ್ಛೇದ ಮಾಡುತ್ತಾರೆ ಎಂಬ ಗುಮಾನಿ ಇದ್ದವರ ಹೆಸರು, ವಾಸದ ಜಾಗ ಎಲ್ಲ ಪಟ್ಟಿಯಾಗಬೇಕಿತ್ತು. ಪಟ್ಟಿಯಲ್ಲಿದ್ದವರು ಸೀರೆ ಉಟ್ಟು ಬೀದಿಯಲ್ಲಿ ಹಾಡಿದರೂ ಜೈಲು. ನಿಜಾಮರ ಹೈದರಾಬಾದಿನಲ್ಲೂ ಇಂಥದ್ದೇ ಕಾನೂನು ಬಂತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರಲ್ಲಿ. ಅದೆಲ್ಲ ಬ್ರಿಟಿಷರ, ನವಾಬರ ಕಾಲದ್ದು ಎನ್ನಲು ನಮಗೂ ಬಾಯಿಲ್ಲ. ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಂ ಸೇರಿಸಿದರು, ಅದೇ ಗುಮಾನಿ, ಅದೇ ಪಟ್ಟಿ. ಸಮುದಾಯದವರು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2016ರಲ್ಲಿ, ಅವರನ್ನು ಹೆಸರಿಸುತ್ತಿದ್ದ ಪದ ಆ ಕಲಮಿನಿಂದ ಹೋಯಿತು. ಅದಾದ ಎರಡು ವರ್ಷಕ್ಕೆ, 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿ ಹೈದರಾಬಾದಿನಲ್ಲಿ ಒಬ್ಬ ಮಂಗಳಮುಖಿಯನ್ನು ಜನರೇ ಹೊಡೆದು ಕೊಂದರು.

ಕದ್ದೊಯ್ಯುತ್ತಾರೆ ಅನ್ನುತ್ತಿದ್ದ ಜಾಗದಲ್ಲಿ ಈಗ ಮರುಳು ಮಾಡುತ್ತಾರೆ ಅನ್ನುತ್ತೇವೆ, ಕಳ್ಳನ ಜಾಗದಲ್ಲಿ ಇನ್‌ಸ್ಟಾಗ್ರಾಂ ಇದೆ. ಒಳ್ಳೆಯ ಮನೆಯ ಮಗು ತಾನಾಗಿ ಹೀಗಿರಲು ಸಾಧ್ಯವಿಲ್ಲ, ಯಾರೋ ಹೊರಗಿನವರು ಮಾಡಿದ್ದು ಎಂಬ ನಂಬಿಕೆ ಮಾತ್ರ ಅದೇ. ಓದಿದವರು ಟ್ರಾನ್ಸ್‌ಫೋಬಿಯಾ ಎನ್ನುವುದು ಇದನ್ನೇ. ಅದು ಯಾವಾಗಲೂ ದ್ವೇಷದ ಮುಖ ಹಾಕಿಕೊಂಡು ಬರುವುದಿಲ್ಲ. ನಿಮ್ಮ ತಮ್ಮನ ಕೈಯಲ್ಲಿ ಕತ್ತರಿ ಹಿಡಿಸಿದ್ದು ಅಕ್ಕನ ಮನೆಯ ಮರ್ಯಾದೆಯ ಚಿಂತೆ. ಕತ್ತರಿ ಕತ್ತರಿಸಿದ್ದು ಮಾತ್ರ ಮಗುವನ್ನು. ಬಸ್ಸಿನಲ್ಲಿ ಹುಡುಗರು ಏನೆನ್ನುತ್ತಾರೆ ಎಂದು ನೀವು ಬರೆದಿಲ್ಲ, ನನಗೆ ಗೊತ್ತು. ಕನ್ನಡದಲ್ಲಿ ಒಂಬತ್ತು, ತೆಲುಗಿನಲ್ಲಿ ತೊಮ್ಮಿದಿ, ತಮಿಳಿನಲ್ಲಿ ಒಂಬದು. ಮೂರು ರಾಜ್ಯ ಸೇರುವ ಜಿಲ್ಲೆಯಲ್ಲಿ ಹುಟ್ಟಿದ ತಪ್ಪಿಗೆ ಒಂದೇ ಬೈಗುಳವನ್ನು ಮೂರು ಭಾಷೆಯಲ್ಲಿ ಕೇಳಬೇಕು.

ಇದೇ ಊರುಗಳಲ್ಲಿ ದ್ರೌಪದಮ್ಮನ ಕರಗ ಹೊತ್ತ ಗಂಡಸು ಸೀರೆ, ಬಳೆ, ಮಲ್ಲಿಗೆಯಲ್ಲಿ ಬಂದರೆ ಬೀದಿಯೆಲ್ಲ ಕೈ ಮುಗಿಯುತ್ತದೆ. ಪೌರಾಣಿಕ ನಾಟಕದಲ್ಲಿ ಸ್ತ್ರೀಪಾತ್ರ ಚೆನ್ನಾಗಿ ಮಾಡಿದವನಿಗೆ ಸ್ಟೇಜಿನ ಮೇಲೇ ನೋಟಿನ ಹಾರ. ಅವರು ಬೇರೆ, ನಿಮ್ಮ ಮಗು ಬೇರೆ, ಗೊತ್ತು. ಬೆಳಗಾದರೆ ಅವರು ವೇಷ ಕಳಚುತ್ತಾರೆ. ನಿಮ್ಮ ಮಗುವಿಗೆ ಭಾರವಾಗಿರುವ ವೇಷ ಪ್ಯಾಂಟು ಶರ್ಟಿನದು. ಆದರೂ "ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಎಲ್ಲಿತ್ತು" ಎಂದು ನಿಮ್ಮ ತಮ್ಮ ಕೇಳಿದರೆ, ಈ ಸಲ ಕರಗಕ್ಕೆ ಜೊತೆಗೆ ಕರೆದುಕೊಂಡು ಹೋಗಿ.

ಈಗ ಮನೆಯೊಳಗಿನ ಮಾತು. ಮೊದಲು ನಿಮ್ಮ ತಮ್ಮ. ನೀವು ಅಕ್ಕ, ಅವನಿಗೆ ಹೇಳುವ ಹಕ್ಕು ನಿಮಗಿದೆ. "ನೀನು ಮನೆಗೆ ಬಾ, ಊಟ ಮಾಡು, ಮಗುವಿನ ಮೈ ಮುಟ್ಟಬೇಡ, ಕೂದಲು ಮುಟ್ಟಬೇಡ" ಎಂದು ಎದುರಿಗೆ ಕೂರಿಸಿಕೊಂಡು ಹೇಳಿ, ಮಗುವಿನ ಕಿವಿಗೆ ಬೀಳುವ ಹಾಗೆ ಹೇಳಿ. ಅಮ್ಮ ನನ್ನ ಪರವಾಗಿ ಒಂದು ಮಾತು ಆಡಿದಳು ಎಂಬುದು ಅವಳಿಗೆ ಎಷ್ಟು ದೊಡ್ಡದು ಎಂದು ನಿಮಗೆ ಈಗ ತಿಳಿಯುವುದಿಲ್ಲ.

ಯಜಮಾನರ ಮೇಲೆ ಅವಸರ ಮಾಡಬೇಡಿ. ಮಂಡಿಯಲ್ಲಿ ನಾಲ್ಕು ಜನರ ನಡುವೆ ಮುಖ ಎತ್ತಿಕೊಂಡು ಓಡಾಡುವ ಮನುಷ್ಯ. ಒಪ್ಪಿಕೊಳ್ಳಿ ಎಂದು ವಾದ ಹೂಡಿದರೆ ಇನ್ನಷ್ಟು ಬಿಗಿಯುತ್ತಾರೆ. ಒಂದೇ ತಟ್ಟೆಯಲ್ಲಿ ಅಲ್ಲದಿದ್ದರೂ ಒಂದೇ ಹೊತ್ತಿಗೆ ಊಟಕ್ಕೆ ಕೂರಲಿ, "ಬಸ್ಸು ಸಿಕ್ತಾ" ಎಂದು ಕೇಳಲಿ, ಅಷ್ಟು ಸಾಕು ಎಂದು ಹೇಳಿ. ಒಂದು ರಾತ್ರಿ ಬಿಡುವಾಗಿದ್ದಾಗ "ನಾನು ಅವನಲ್ಲ... ಅವಳು" ಸಿನಿಮಾ ಹಾಕಿ. ಬಿ.ಎಸ್. ಲಿಂಗದೇವರು ಮಾಡಿದ್ದು, ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕತೆ ಆಧರಿಸಿದ್ದು. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಹತ್ತಿರ ಕೂತು ವಿವರಣೆ ಕೊಡಬೇಡಿ, ಸುಮ್ಮನೆ ಹಾಕಿ ಒಳಗೆ ಹೋಗಿ.

ಅವಳು ತನಗೊಂದು ಹೆಸರು ಇಟ್ಟುಕೊಂಡಿದ್ದಾಳಾ ಕೇಳಿ. ಇಟ್ಟುಕೊಂಡಿರುತ್ತಾಳೆ. ಕರೆಯಲು ನಿಮ್ಮ ನಾಲಿಗೆ ಇನ್ನೂ ಏಳದಿದ್ದರೆ "ಬಾರೋ" ಬಿಟ್ಟು "ಬಾ ಮಗಾ", "ಬಾ ಚಿನ್ನ" ಅನ್ನಿ. ಇಬ್ಬರಿಗೂ ಉಸಿರಾಡಲು ಜಾಗ ಸಿಗುತ್ತದೆ. ಊರಿನವರಿಗೆ ಈಗಲೇ ಏನೂ ಹೇಳಬೇಕಾಗಿಲ್ಲ. ಯಾರಿಗೆ, ಯಾವಾಗ ಹೇಳಬೇಕು ಎನ್ನುವುದು ಅವಳ ಹಕ್ಕು. ಗಾಬರಿಯಲ್ಲಿ ನೀವು ಯಜಮಾನರಿಗೆ ಹೇಳಿದ್ದು ಆಗಿಹೋಯಿತು, ಇನ್ನು ಮುಂದೆ ಅವಳನ್ನು ಕೇಳದೆ ಅಕ್ಕತಂಗಿಯರಿಗೂ ಹೇಳಬೇಡಿ. ಯಾರಾದರೂ ಕೆದಕಿದರೆ "ನಮ್ಮ ಮಗು, ನಮ್ಮ ಮನೆ, ನೋಡಿಕೊಳ್ತೀವಿ" ಎಂದು ಹೇಳಿ, "ನಿಮ್ಮ ಹಸು ಕರು ಹಾಕಿತಾ" ಎಂದು ಮಾತು ತಿರುಗಿಸಿ. ಹಳ್ಳಿಯ ಬಾಯಿಗೆ ಹೊಸ ಸುದ್ದಿ ಬರಲು ಬಹಳ ದಿನ ಬೇಡ.

ಕಾಲೇಜು. ಅವಳು ಹೋಗಲ್ಲ ಅನ್ನುವುದಕ್ಕೆ ಓದು ಕಾರಣವಿರಲಾರದು. ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ಸಂಜೆ ಬರುವತನಕ ನೀರು ಕುಡಿಯುತ್ತಾಳಾ ಎಂದು ಒಮ್ಮೆ ಕೇಳಿ ನೋಡಿ. ನಾನು ಮಾತನಾಡಿಸಿದ ಇಂಥ ಮಕ್ಕಳಲ್ಲಿ ಹಲವರು ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಗಂಡುಮಕ್ಕಳ ಶೌಚಾಲಯದಲ್ಲಿ ಏನು ಕಾದಿರುತ್ತದೆಯೋ ಗೊತ್ತಿಲ್ಲ. ತುಂಬಿದ ಬಾಟಲಿ ತುಂಬಿದ ಹಾಗೇ ವಾಪಸು ಬರುತ್ತದೆ, ಮೂತ್ರದ ಸೋಂಕು, ಹೊಟ್ಟೆನೋವು, ಆಮೇಲೆ ಗೈರುಹಾಜರಿ. ಅವಳಿಗೆ ಇಷ್ಟವಾದ ಉಪನ್ಯಾಸಕರು ಒಬ್ಬರಾದರೂ ಇರುತ್ತಾರೆ. ಅವಳು ಒಪ್ಪಿದರೆ ಅವರ ಮೂಲಕ ಪ್ರಿನ್ಸಿಪಾಲರನ್ನು ನೋಡಿ. ಸಿಬ್ಬಂದಿ ಶೌಚಾಲಯ ಬಳಸಲು ಬಿಡಿ, ಹಾಜರಿ ಕೂಗುವಾಗ ಕ್ಲಾಸು ನಗದ ಹಾಗೆ ನೋಡಿಕೊಳ್ಳಿ, ಕೀಟಲೆ ಮಾಡಿದವರನ್ನು ಕರೆಸಿ ಮಾತಾಡಿ ಎಂದು ಕೇಳಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ ತಾರತಮ್ಯವಿಲ್ಲದೆ ಓದಿಸುವ ಹೊಣೆಯನ್ನು ಸರ್ಕಾರಿ ಹಾಗೂ ಸರ್ಕಾರದ ಅನುದಾನ, ಮಾನ್ಯತೆ ಇರುವ ಶಾಲೆ ಕಾಲೇಜುಗಳ ಮೇಲೆ ಹಾಕಿದೆ. ಪ್ರಿನ್ಸಿಪಾಲರಿಗೆ ಇದೆಲ್ಲ ತಿಳಿದಿರುತ್ತದೆ ಎಂದುಕೊಳ್ಳಬೇಡಿ. ಶಿಕ್ಷಕರಿಗೆ ತಿಳಿಸಲೆಂದು ಎನ್‌ಸಿಇಆರ್‌ಟಿ 2021ರಲ್ಲಿ ಒಂದು ಕೈಪಿಡಿ ತಂದಿತ್ತು, ಗಲಾಟೆ ಎದ್ದ ಕೂಡಲೇ ವಾಪಸು ತೆಗೆದುಕೊಂಡಿತು. ಅಸೆಂಬ್ಲಿಯಲ್ಲಿ ನಿಲ್ಲಿಸಿ "ಇವರನ್ನು ಗೌರವಿಸಿ" ಎಂದು ಭಾಷಣ ಮಾಡುವುದು ಮಾತ್ರ ಬೇಡ ಎಂದು ಮೊದಲೇ ಹೇಳಿ. ಒಳ್ಳೆಯ ಮನಸ್ಸಿನವರೇ ಆ ಕೆಲಸ ಮಾಡುವುದು.

ಬಸ್ಸಿನಲ್ಲಿ ಬರೀ ಮಾತಾ, ಕೈಯೂ ಹಾಕುತ್ತಾರಾ? ಕೇಳಿ. 18 ತುಂಬದ ಯಾವುದೇ ಮಗುವಿನ ಮೇಲೆ ಲೈಂಗಿಕವಾಗಿ ಕೈ ಹಾಕಿದರೆ, ಗಂಡೋ ಹೆಣ್ಣೋ ಎಂದು ನೋಡದೆ, ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. 1098 ಮಕ್ಕಳ ಸಹಾಯವಾಣಿ. ಕಂಡಕ್ಟರ್‌ಗೆ ಒಂದು ಮಾತು ಹೇಳಿ ಡ್ರೈವರ್ ಹಿಂದಿನ ಸೀಟು ಕೇಳುವುದು, ಕೆಲವು ದಿನ ಅಕ್ಕನೋ ಗೆಳತಿಯೋ ಜೊತೆಗೆ ಹೋಗುವುದು, ಇವೂ ಕೆಲಸ ಮಾಡುತ್ತವೆ.

ಡಾಕ್ಟರ ಹತ್ತಿರ ಹೋಗಿ, ಆದರೆ ಅವಳನ್ನು ಬದಲಾಯಿಸಲು ಅಲ್ಲ. ಅವಳ ಊಟ, ನಿದ್ದೆ, ದುಃಖಕ್ಕೆ ಚಿಕಿತ್ಸೆ ಬೇಕು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ನಡೆಯುತ್ತಿದೆಯೇ ವಿಚಾರಿಸಿ. ಅದಕ್ಕೂ ಮೀರಿದರೆ ಬೆಂಗಳೂರಿನ ನಿಮ್ಹಾನ್ಸ್. ಒಳಗೆ ಹೋದ ಕೂಡಲೇ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: "ಇದನ್ನು ಸರಿ ಮಾಡ್ತೀರಾ?" ಮಾಡುತ್ತೇನೆ, ಹಾರ್ಮೋನ್ ಇಂಜೆಕ್ಷನ್ ಕೊಡುತ್ತೇನೆ, ಹುಡುಗನಾಗುತ್ತಾನೆ ಎಂದರೆ ಎದ್ದು ಬನ್ನಿ. ಮದ್ರಾಸ್ ಹೈಕೋರ್ಟ್ 2021ರಲ್ಲಿ ಇಂಥ "ಬದಲಾಯಿಸುವ ಚಿಕಿತ್ಸೆ" ಕೂಡದು ಎಂದು ಹೇಳಿದ ಮೇಲೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿದೆ.

ಅವಳ ಬ್ಯಾಗಿನಲ್ಲಿ ಗರ್ಭನಿರೋಧಕ ಮಾತ್ರೆ ಸಿಕ್ಕರೆ ಹೌಹಾರಬೇಡಿ. ಮೈ ಮೆತ್ತಗಾಗುತ್ತದೆ, ಮೀಸೆ ಬರುವುದಿಲ್ಲ ಎಂದು ಕೇಳಿ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಮಕ್ಕಳಿದ್ದಾರೆ. ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ನಿಲ್ಲಿಸಲೇಬೇಕು. ಆದರೆ ಕಿತ್ತು ಎಸೆದು ಬೈದರೆ ಮುಂದಿನ ಸಲ ಬಚ್ಚಿಟ್ಟು ನುಂಗುತ್ತಾಳೆ. "ಹಾರ್ಮೋನ್ ವಿಷಯ ತಿಳಿದ ಎಂಡೋಕ್ರೈನಾಲಜಿ ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಕೇಳೋಣ" ಅನ್ನಿ. ಶಸ್ತ್ರಚಿಕಿತ್ಸೆಯ ಮಾತು 18 ತುಂಬುವ ಮುನ್ನ ಬೇಡವೇ ಬೇಡ. ಗುಟ್ಟಾಗಿ ಕಡಿಮೆ ದುಡ್ಡಿಗೆ ಮಾಡುತ್ತೇವೆ ಎಂದು ಕರೆಯುವವರ ಕೈಗೆ ಸಿಕ್ಕಿ ಜೀವ ಕಳೆದುಕೊಂಡವರಿದ್ದಾರೆ ಎಂದು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಕಾನೂನಿನ ವಿಷಯ ಚಿಕ್ಕದಾಗಿ. ತನ್ನ ಲಿಂಗ ಯಾವುದು ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಹೇಳಿತು. ಆ ಕೇಸು ಹಾಕಿದ್ದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ. ಅದೇ ವ್ಯವಸ್ಥೆಯ ಜಿಲ್ಲಾ ಪ್ರಾಧಿಕಾರ ಕೋಲಾರದಲ್ಲೂ ಇದೆ, ಸಲಹೆಗೆ ದುಡ್ಡು ಕೇಳುವುದಿಲ್ಲ, ಫೋನ್ 15100. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಮಗುವನ್ನು ಹೆತ್ತವರಿಂದ ದೂರ ಮಾಡುವಂತಿಲ್ಲ, ಮನೆಯಿಂದ ಹೊರಹಾಕುವಂತಿಲ್ಲ ಎಂದು 2019ರ ಕಾಯ್ದೆಯಲ್ಲಿ ಬರೆದಿದೆ. ಗುರುತಿನ ಪ್ರಮಾಣಪತ್ರ, ದಾಖಲೆಯಲ್ಲಿ ಹೆಸರು ಬದಲಾವಣೆ ಇವಕ್ಕೆಲ್ಲ ಈಗ ಓಡಾಡಬೇಡಿ. 18 ತುಂಬಿದ ಮೇಲೆ ಅವಳೇ ನಿರ್ಧರಿಸಲಿ. ಇದರ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಹೊತ್ತಿಗೆ ಯಾವುದು ಚಾಲ್ತಿಯಲ್ಲಿದೆ ಎಂದು ಪ್ರಾಧಿಕಾರದಲ್ಲಿ ಕೇಳಿಕೊಂಡೇ ಮುಂದುವರಿಯಲಿ. ಜನನ ಪ್ರಮಾಣಪತ್ರದಲ್ಲಿ ಬದಲಾವಣೆ ಮಾಡಿಕೊಡಲು ನಮ್ಮ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಯಜಮಾನರಿಗೆ ಒಂದು ಸಂಗತಿ ಹೇಳಿ: ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ 2021ರಿಂದ ಇದೆ, ದೇಶದಲ್ಲಿ ಮೊದಲು ತಂದದ್ದು ಕರ್ನಾಟಕವೇ. ಪಿಯುಸಿಗೇ ಓದು ನಿಂತರೆ ಅದರಿಂದ ಅವಳಿಗೆ ಸಿಗುವುದು ಬಹಳ ಕಡಿಮೆ.

ಮಗಳ ಮದುವೆ. ನೀವು ಕೇಳಬೇಕಾದದ್ದು ನನ್ನನ್ನಲ್ಲ, ಮಗಳನ್ನು. ತನ್ನ ತಮ್ಮ ತಂಗಿ ಎಂಬುದು ಅವಳಿಗೆ ನಿಮಗಿಂತ ಮೊದಲೇ ಗೊತ್ತಿದ್ದರೂ ಆಶ್ಚರ್ಯವಿಲ್ಲ. ನನ್ನ ಅಭಿಪ್ರಾಯ ಹೇಳಲೇಬೇಕೆಂದರೆ, ಹೆಣ್ಣು ನೋಡಲು ಬಂದ ಮೊದಲ ದಿನವೇ ಏನನ್ನೂ ಹೇಳಬೇಕಾಗಿಲ್ಲ, ಮಾತು ಗಟ್ಟಿಯಾಗುವ ಹೊತ್ತಿಗೆ, ಚಿಕ್ಕವಳ ಒಪ್ಪಿಗೆ ಇದ್ದರೆ, ಮುಚ್ಚಿಡಬೇಡಿ. ಮದುವೆಯಾದ ಮೇಲೆ ತಿಳಿದು ಮಗಳು ಮಾತು ಕೇಳುವುದಕ್ಕಿಂತ ಆ ಸಂಬಂಧ ತಪ್ಪುವುದೇ ವಾಸಿ. ಅವರು ಬರುವ ದಿನ ಚಿಕ್ಕವಳನ್ನು ನೆಂಟರ ಮನೆಗೆ ಕಳಿಸಿಬಿಡುವ ಯೋಚನೆ ನಿಮಗೆ ಬಂದಿದ್ದರೆ ಬಿಡಿ. ಕಾಫಿ ಲೋಟ ಹಿಡಿದು ಬರುವ ಅಕ್ಕನ ಜೊತೆಗೆ ಅವಳೂ ಮನೆಯಲ್ಲಿರಲಿ.

ಮಾಲೂರಿನಿಂದ ಬಂದ ಇನ್ನೊಂದು ಪತ್ರಕ್ಕೂ ಇಲ್ಲೇ ಉತ್ತರಿಸುತ್ತೇನೆ. ಬರೆದಿರುವುದು 20 ವರ್ಷದ ಹುಡುಗ, ಹುಟ್ಟಿನಿಂದ ಎಲ್ಲರೂ ಹುಡುಗಿ ಎಂದುಕೊಂಡವನು. ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಮನೆಯವರು ಸೋದರಮಾವನ ಮಗನಿಗೆ ಮದುವೆ ಗೊತ್ತು ಮಾಡುತ್ತಿದ್ದಾರೆ. "ಹುಡುಗ ಹುಡುಗಿಯಾದರೆ ಊರೆಲ್ಲ ಮಾತಾಡುತ್ತದೆ, ನನ್ನಂಥವರಿದ್ದೇವೆ ಅಂತಲೇ ಯಾರಿಗೂ ಗೊತ್ತಿಲ್ಲ" ಎಂದು ಬರೆದಿದ್ದಾನೆ. ನಿಜ. ನಿನ್ನಂಥವರನ್ನು ಬೈಯುವುದಿಲ್ಲ, ಸುಮ್ಮನೆ ತಾಳಿ ಕಟ್ಟಿಸಿಬಿಡುತ್ತಾರೆ. ನೀನು ವಯಸ್ಕ ಕಣಪ್ಪಾ, ನಿನ್ನ ಒಪ್ಪಿಗೆಯಿಲ್ಲದೆ ಮದುವೆ ಮಾಡುವ ಅಧಿಕಾರ ಯಾರಿಗೂ ಇಲ್ಲ. ಈ ವಾರವೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ನಂಬುವ ಒಬ್ಬ ಗೆಳೆಯನ ಹತ್ತಿರ ಇಡು, ನಿನ್ನ ಸಂಬಳ ನಿನ್ನ ಖಾತೆಗೇ ಬರಲಿ. ಜಗಳವಾಡಿ ರಾತ್ರಿ ಬರಿಗೈಯಲ್ಲಿ ಹೊರಡಬೇಡ. ಬಲವಂತ ಮಾಡಿದರೆ 112, ಸಲಹೆಗೆ ಮೇಲೆ ಹೇಳಿದ 15100. ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಒಬ್ಬರಾದರೂ ನಿನ್ನ ಮಾತು ಕೇಳುವವರಿದ್ದರೆ ಮೊದಲು ಅವರ ಹತ್ತಿರ ಕೂತು ಹೇಳು. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿದ್ದರೆ ಆ ತಾರೀಖು ನನಗೆ ಬರೆ, ಆಗಿಲ್ಲದಿದ್ದರೂ ಬರೆ.